ಅಲಂಕಾರವೂ ಹೊಣೆಯೂ: ಒಂದು ವ್ಯಾನಿನ ಹೊದಿಕೆಯ ವಿಚಾರ

ವಾಹನವನ್ನು ಸಿಂಗರಿಸುವುದು ನಮ್ಮ ಜನಕ್ಕೆ ಹೊಸದೇನಲ್ಲ. ತೇರಿಗೆ ಬಣ್ಣಬಣ್ಣದ ಬಟ್ಟೆಗಳನ್ನೂ ಪತಾಕೆಗಳನ್ನೂ ಕಟ್ಟಿದವರು ನಾವು. ದಿಬ್ಬಣದ ಗಾಡಿಯ ಎತ್ತುಗಳಿಗೆ ಜೂಲು ಹೊದಿಸಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದವರು ನಾವು. ಎತ್ತು ಹೋಗಿ ಎಂಜಿನ್ನು ಬಂದಾಗಲೂ ಈ ಆಸೆ ನಮ್ಮನ್ನು ಬಿಡಲಿಲ್ಲ. ಲಾರಿಯ ಹಲಗೆಗಳ ಮೇಲೆ ಕಮಲ ಅರಳಿತು, ನವಿಲು ಗರಿಗೆದರಿತು. 1980ರಲ್ಲಿ ‘ಆಟೋ ರಾಜ’ ಚಿತ್ರದಲ್ಲಿ ರಿಕ್ಷಾ ಚಾಲಕನಾಗಿ ಕಾಣಿಸಿಕೊಂಡ ಶಂಕರ್‌ನಾಗ್ ಅವರ ಮುಖ ಬೆಂಗಳೂರಿನ ಆಟೋಗಳ ಬೆನ್ನಿನ ಮೇಲೆ ಇಂದಿಗೂ ನಗುತ್ತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಚಾಲಕನ ಪಾಲಿಗೆ ವಾಹನವೆಂಬುದು ಕೇವಲ ಯಂತ್ರವಲ್ಲ. ಊರ ಮುಂದೆ ಅವನು ಹಿಡಿದು ನಿಲ್ಲುವ ತನ್ನ ಗುರುತು.

ಆದರೆ ಈ ಗುರುತನ್ನು ಮೂಡಿಸುವ ಬಗೆ ಈಚೆಗೆ ಬದಲಾಗಿದೆ. ಡಬ್ಬಿಯ ಬಣ್ಣವೂ ಕುಂಚವೂ ಹಿಂದೆ ಸರಿದು, ಆ ಸ್ಥಾನಕ್ಕೆ ವಿನೈಲ್ ಎಂಬ ತೆಳ್ಳನೆಯ ಹಾಳೆ ಬಂದಿದೆ. ಚಿತ್ರವನ್ನು ಗಣಕಯಂತ್ರದಲ್ಲಿ ರಚಿಸಿ, ಈ ಹಾಳೆಯ ಮೇಲೆ ಮುದ್ರಿಸಿ, ವಾಹನದ ಮೈಗೆ ಚರ್ಮದಂತೆ ಅಂಟಿಸುತ್ತಾರೆ. ಪೇಟೆಯಲ್ಲಿ ಇದಕ್ಕೆ ‘ರ‍್ಯಾಪ್’ ಎಂದು ಹೆಸರು. ನಾನು ಇದನ್ನು ಹೊದಿಕೆಯೆಂದೇ ಕರೆಯುತ್ತೇನೆ. ಎತ್ತಿನ ಜೂಲಿಗೂ ಇದಕ್ಕೂ ಇರುವ ನಂಟು ಆ ಮಾತಿನಲ್ಲಿ ಉಳಿಯುತ್ತದೆ. ವಾಣಿಜ್ಯ ಚಿತ್ರಕಲೆಯನ್ನು ವೃತ್ತಿಯಾಗಿ ಮಾಡಿಕೊಂಡ ನನಗೆ, ಸಕಲೇಶಪುರದ ಕಡೆಯ ಜೀಪು ಹವ್ಯಾಸಿಗಳ ಬಳಗವೊಂದರ ವ್ಯಾನಿಗೆ ಇಂಥ ಹೊದಿಕೆಯನ್ನು ರಚಿಸಿಕೊಡುವ ಕೆಲಸ ಬಂದಿತ್ತು. ಅದರ ನೆಪದಲ್ಲಿ ಅಲಂಕಾರದ ಬಗೆಗೆ ಕೆಲವು ಮಾತುಗಳನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಈ ಹಾಳೆಯ ಪೂರ್ವೋತ್ತರವನ್ನಿಷ್ಟು ನೋಡೋಣ. 1872ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬೌಮನ್ ಎಂಬಾತ ವಿನೈಲ್ ಕ್ಲೋರೈಡ್ ಎಂಬ ಅನಿಲವಿದ್ದ ಗಾಜಿನ ಪಾತ್ರೆಯನ್ನು ಬಿಸಿಲಿಗೆ ಒಡ್ಡಿದಾಗ ಅದರೊಳಗೆ ಬಿಳಿಯ ಘನವಸ್ತುವೊಂದು ಕಾಣಿಸಿಕೊಂಡಿತು. ಅದು ಬಿರುಸಾದದ್ದು, ಬಗ್ಗಿಸಿದರೆ ಮುರಿಯುವಂಥದು. ಆದ್ದರಿಂದ ಬಹುಕಾಲ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ ಎಂಬ ವಿಜ್ಞಾನಿ ಅದಕ್ಕೆ ಬೇರೆ ದ್ರವಗಳನ್ನು ಬೆರೆಸಿ, ರಬ್ಬರಿನಂತೆ ಮೆದುವಾಗುವ ಹಾಗೆ ಮಾಡಿದರು. ಇಂದು ನಾವು ಪಿ.ವಿ.ಸಿ. ಎಂದು ಕರೆಯುವ ಪದಾರ್ಥ ಇದೇ. ನಲ್ಲಿಯ ಕೊಳವೆಯಾಗಿ ಗಡುಸಾಗಿಯೂ ಮಳೆಯಂಗಿಯಾಗಿ ಮೃದುವಾಗಿಯೂ ನಮ್ಮ ಮನೆಗಳನ್ನು ಹೊಕ್ಕ ಈ ವಸ್ತುವಿನ ಇನ್ನೊಂದು ಅವತಾರವೇ ವಾಹನದ ಹೊದಿಕೆ.

ಈ ಹಾಳೆಯನ್ನು ತಯಾರಿಸುವ ಬಗೆಗಳು ಎರಡು. ಅವನ್ನು ವಿವರಿಸಲು ಅಡಿಗೆಮನೆಗೆ ಹೋಗುವುದೇ ಸುಲಭ. ಮೊದಲನೆಯದು ಚಪಾತಿಯ ಬಗೆ: ಬಿಸಿಯಾದ ಮುದ್ದೆಯನ್ನು ಉರುಳೆಗಳ ನಡುವೆ ಹಾಯಿಸಿ ಲಟ್ಟಿಸುವುದು. ಎರಡನೆಯದು ದೋಸೆಯ ಬಗೆ: ದ್ರವರೂಪದ ಹಿಟ್ಟನ್ನು ನುಣುಪಾದ ಕಾಗದದ ಮೇಲೆ ತೆಳ್ಳಗೆ ಹುಯ್ದು ಒಲೆಯ ಶಾಖದಲ್ಲಿ ಬೇಯಿಸುವುದು. ಲಟ್ಟಿಸಿದ ಚಪಾತಿ ಮಣೆಯ ಮೇಲೆಯೇ ತುಸು ಹಿಂದಕ್ಕೆ ಸರಿದು ಕಿರಿದಾಗುವುದನ್ನು ಗೃಹಿಣಿಯರು ಬಲ್ಲರು. ಎಳೆದದ್ದು ಮೊದಲಿನ ಆಕಾರಕ್ಕೆ ಮರಳಲು ತವಕಿಸುತ್ತದೆ. ಲಟ್ಟಿಸಿದ ವಿನೈಲಿನ ಸ್ವಭಾವವೂ ಹಾಗೆಯೇ. ಕೆಲವು ಬೇಸಗೆ ಕಳೆಯುವುದರೊಳಗೆ ಅಂಚುಗಳು ಸೇದಿಕೊಂಡು ಮೇಲೇಳುತ್ತವೆ. ಹುಯ್ದ ಹಾಳೆಗೆ ಎಳೆತದ ನೆನಪಿಲ್ಲ. ಅದು ಹಾಕಿದಲ್ಲಿ ಕೂರುತ್ತದೆ. ಅದರ ದಪ್ಪ ಸುಮಾರು 50 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಬೆಲೆ ಹೆಚ್ಚಾದರೂ ಉಬ್ಬುತಗ್ಗುಗಳುಳ್ಳ ಮೈಗೆ ಒಪ್ಪುವುದು ಅದೇ.

ಇಷ್ಟು ತೆಳುವಾದ ಹಾಳೆಗೆ ಇನ್ನೊಂದು ಗುಣವುಂಟು: ಅದನ್ನು ಬಿಸಿಮಾಡಿ ಮತ್ತೆ ಕಳಚಬಹುದು. ಜರ್ಮನಿಯಲ್ಲಿ ಟ್ಯಾಕ್ಸಿಗಳೆಲ್ಲ ತೆಳುವಾದ ದಂತವರ್ಣದಲ್ಲಿ ಇರಬೇಕೆಂಬ ನಿಯಮ 1971ರಲ್ಲಿ ಜಾರಿಗೆ ಬಂತು. ಈಚೆಗೆ ಅಲ್ಲಿಯ ಕೆಲವು ರಾಜ್ಯಗಳು ಅದನ್ನು ಸಡಿಲಿಸಿವೆ. ಆ ಬಣ್ಣದ ಹಳೆಯ ಕಾರನ್ನು ಕೊಳ್ಳುವವರು ಕಡಿಮೆ. ಆದ್ದರಿಂದ ಅಲ್ಲಿಯ ಮಾಲೀಕರು ತಮಗೆ ಬೇಕಾದ ಬಣ್ಣದ ಕಾರನ್ನು ಕೊಂಡು, ಮೇಲೆ ದಂತವರ್ಣದ ಹಾಳೆಯನ್ನು ಅಂಟಿಸಿ, ಮಾರುವ ಹೊತ್ತಿಗೆ ಸುಲಿದುಹಾಕುವ ಉಪಾಯವನ್ನು ಕಂಡುಕೊಂಡರು. ಹೊದಿಕೆಯ ಕೆಳಗೆ ಮೂಲದ ಬಣ್ಣ ಹೊಸದರಂತೆ ಉಳಿದಿರುತ್ತದೆ. ಸಂತೆಯ ಮುಂಚೆ ಎತ್ತಿನ ಜೂಲು ತೆಗೆದು ಮೈ ತೋರಿಸುವ ನಮ್ಮ ರೈತನ ಜಾಣತನಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಇನ್ನು ನಮ್ಮ ಬಳಗದ ವಿಷಯ. ಮಲೆನಾಡಿನ ತೋಟದ ಹಾದಿಗಳಲ್ಲಿ, ಹಳ್ಳದ ಕಲ್ಲುಗಳ ಮೇಲೆ, ಮಳೆಗಾಲದ ಕೆಸರಿನಲ್ಲಿ ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಜೀಪುಗಳನ್ನು ನಡೆಸುವುದೇ ಇವರ ಹವ್ಯಾಸ. ಎರಡನೆಯ ಮಹಾಯುದ್ಧದ ರಣರಂಗಗಳಿಗೆಂದು ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿಯು 1947ರಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಅಂದಿನಿಂದ ಕಾಫಿ ತೋಟಕ್ಕೂ ಜೀಪಿಗೂ ಬಿಡದ ನಂಟು. ಅಜ್ಜನಿಗೆ ಗೊಬ್ಬರ ಸಾಗಿಸಲು ಬೇಕಾಗಿದ್ದ ವಾಹನ ಮೊಮ್ಮಗನಿಗೆ ಆಟದ ಸಾಧನವಾಗಿದೆ. ಬಳಗದ ಜೀಪುಗಳು ಕಡಿದಾದ ಹಾದಿ ಹಿಡಿದಾಗ, ಸಮೀಪದ ರಸ್ತೆಯವರೆಗೆ ಒಂದು ವ್ಯಾನು ಅವುಗಳ ಬೆನ್ನಿಗೆ ಬರುತ್ತದೆ. ಹಗ್ಗ, ಸರಪಳಿ, ಜಾಕು, ಹೆಚ್ಚಿನ ಟಯರು, ಅನ್ನದ ಪಾತ್ರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಲ್ಲವೂ ಅದರೊಳಗೆ. ಬಿಳಿಯ ಬಣ್ಣದ, ಆರು ವರ್ಷ ದುಡಿದ ಟೆಂಪೊ ಟ್ರಾವೆಲರ್ ಅದು.

ತರುಣ ಸದಸ್ಯರು ತಂದ ಬಯಕೆಯ ಪಟ್ಟಿ ದೊಡ್ಡದಾಗಿತ್ತು. ಒಂದು ಪಕ್ಕದಲ್ಲಿ ಬಾಯ್ತೆರೆದ ಹುಲಿ, ಇನ್ನೊಂದು ಪಕ್ಕದಲ್ಲಿ ಉಗುರಿನಿಂದ ತಗಡನ್ನು ಸೀಳಿದಂತೆ ಗೀರು, ಸೈನ್ಯದ ವಾಹನದಂಥ ಹಸಿರು ಮಚ್ಚೆಗಳು, ಕೆಳಭಾಗದಲ್ಲಿ ಚಿಮ್ಮಿದ ಕೆಸರಿನ ಮುದ್ರಿತ ಚಿತ್ರ. ಹೊಳೆಯುವ ಕಾಗದದ ಪತ್ರಿಕೆಗಳಲ್ಲಿ ಕಂಡ ಹೊರದೇಶದ ವಾಹನಗಳು ಅವರ ಕಣ್ಣಿನಲ್ಲಿದ್ದವು. ಈ ಉತ್ಸಾಹವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂಬ ಮಾತೊಂದಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಅದನ್ನೇ ಕಾವ್ಯದ ಜೀವವೆಂದು ಎತ್ತಿಹಿಡಿದನು. ಸೊಂಟದ ಡಾಬನ್ನು ಕೊರಳಿಗೆ ಕಟ್ಟಿಕೊಂಡರೆ ಚಿನ್ನ ಚಿನ್ನವೇ ಆಗಿದ್ದರೂ ನೋಡಿದವರು ನಗುತ್ತಾರೆ ಎಂಬುದು ಅವನ ವಾದದ ತಿರುಳು. ಕಾವ್ಯಕ್ಕೆ ಒಪ್ಪುವ ಈ ಮಾತು ವ್ಯಾನಿಗೂ ಒಪ್ಪುತ್ತದೆ. ಎಲ್ಲಿ, ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕದೆ ಅಲಂಕಾರ ನಿಲ್ಲುವುದಿಲ್ಲ.

ಹಸಿರು ಮಚ್ಚೆಗಳ ಸಂಗತಿಯನ್ನೇ ತೆಗೆದುಕೊಳ್ಳೋಣ. ಸೈನ್ಯದ ಆ ಆಲಿವ್ ಹಸಿರನ್ನು ರಕ್ಷಣಾ ಇಲಾಖೆಗೆ ಸೇರದ ವಾಹನಗಳಿಗೆ ಬಳಿಯಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಾಯಿದೆಯ ಮಾತು ಹಾಗಿರಲಿ. ಆ ಮಚ್ಚೆಗಳ ಉದ್ದೇಶವೇ ಅಡಗುವುದು. ಕಾಡಿನ ಅಂಚಿನಲ್ಲಿ, ಜಡಿಮಳೆಯಲ್ಲಿ, ಕಾಲು ಮುರಿದುಕೊಂಡವನೊಬ್ಬನನ್ನು ಹೊತ್ತು ತಂದ ಗೆಳೆಯರು ಹುಡುಕುವ ವಾಹನ ಅಡಗಿ ಕುಳಿತರೆ ಗತಿಯೇನು? ಮರೆಯಾಗಬೇಕಾದದ್ದು ಶತ್ರುವಿನೆದುರು ನಿಂತ ಸೈನಿಕ. ಕಾಣಿಸಬೇಕಾದದ್ದು ನೆರವಿಗೆ ನಿಂತ ವ್ಯಾನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ನಾರ್ಮನ್ ವಿಲ್ಕಿನ್‌ಸನ್ ಎಂಬ ಬ್ರಿಟಿಷ್ ಚಿತ್ರಕಾರರು ಹಡಗುಗಳ ಮೈಮೇಲೆ ಕಪ್ಪುಬಿಳುಪಿನ ಓರೆಪಟ್ಟೆಗಳನ್ನು ಎಳೆಯುವ ಕ್ರಮವನ್ನು ರೂಪಿಸಿದರು. ಸಮುದ್ರದ ಮೇಲೆ ಹಡಗನ್ನು ಬಚ್ಚಿಡಲಾಗದು. ಅದು ಎತ್ತ ಸಾಗುತ್ತಿದೆ, ಎಷ್ಟು ವೇಗ ಎಂಬುದನ್ನು ನೋಡುವವನಿಗೆ ತಿಳಿಯದಂತೆ ಮಾಡಬಹುದು ಎಂಬುದು ಅವರ ಯೋಚನೆ. ಬಣ್ಣದ ಪಟ್ಟೆಗಳಿಗೆ ಕಣ್ಣನ್ನು ದಾರಿ ತಪ್ಪಿಸುವ ಶಕ್ತಿಯುಂಟು. ಅದೇ ಪಟ್ಟೆಗಳಿಗೆ ಕಣ್ಣನ್ನು ದಾರಿಗೆ ತರುವ ಶಕ್ತಿಯೂ ಉಂಟು. ನಮಗೆ ಬೇಕಾದದ್ದು ಎರಡನೆಯದು.

ಮಲೆನಾಡಿನ ಹಿನ್ನೆಲೆ ಯಾವುದು? ಹಸಿರು, ಕೆಮ್ಮಣ್ಣು, ಮಂಜಿನ ಬೂದು. ಮಂಜಿನಲ್ಲಿ ಬಿಳಿ ಕರಗುತ್ತದೆ. ಕೆಂಪನ್ನು ನಂಬೋಣವೆಂದರೆ ಅದಕ್ಕೊಂದು ವಿಚಿತ್ರ ದೌರ್ಬಲ್ಯವಿದೆ. ಬೆಳಕು ಕುಂದಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗನೆ ಕಪ್ಪಾಗಿ ತೋರುತ್ತದೆ. ಹಸಿರು, ನೀಲಿಗಳು ಹೆಚ್ಚು ಹೊತ್ತು ಉಳಿಯುತ್ತವೆ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. ದಾಸವಾಳದ ಗಿಡವನ್ನು ಮುಸ್ಸಂಜೆಯಲ್ಲಿ ನೋಡಿದವರಿಗೆ ಇದರ ಅನುಭವವಿದೆ: ಎಲೆ ಕಾಣುತ್ತಿರುವಾಗಲೇ ಹೂವು ಕಪ್ಪಾಗಿರುತ್ತದೆ. ಹಾಗಾದರೆ ಪೂರ್ತಿ ಹಳದಿಯಾಗಲಿ ಎಂದರೆ, ನಮ್ಮಲ್ಲಿ ಅದು ಶಾಲಾವಾಹನದ ಬಣ್ಣ. ಹಳದಿಯ ವ್ಯಾನನ್ನು ಕಂಡು ಹಳ್ಳಿಯ ಮಕ್ಕಳು ಕೈಯೊಡ್ಡಿ ಓಡಿಬಂದರೆ ಅದು ಅಲಂಕಾರವಲ್ಲ, ವಂಚನೆ. ಕೊನೆಗೆ ಮೂಲದ ಬಿಳಿಯನ್ನೇ ನೆಲವಾಗಿ ಉಳಿಸಿಕೊಂಡು, ಅದರ ಮೇಲೆ ಗಾಢನೀಲಿ ಮತ್ತು ಸೇವಂತಿಗೆ ಹಳದಿಯ ಅಗಲವಾದ ಓರೆಪಟ್ಟೆಗಳನ್ನು ಹಿಂದಿನ ಬಾಗಿಲಿನತ್ತ ಬಾಗುವಂತೆ ಎಳೆದೆವು. ಪಟ್ಟೆಯನ್ನು ಹಿಂಬಾಲಿಸಿದ ಕಣ್ಣು ತಾನಾಗಿ ಔಷಧದ ಪೆಟ್ಟಿಗೆಯಿರುವ ಬಾಗಿಲಿಗೆ ಬಂದು ನಿಲ್ಲುತ್ತದೆ. ನೋಂದಣಿ ಪತ್ರದಲ್ಲಿ ಬರೆದ ಬಿಳಿಯ ಬಣ್ಣವೂ ಸುಳ್ಳಾಗಲಿಲ್ಲ. ಆದರೂ ನಕ್ಷೆಯನ್ನು ಮೊದಲೇ ನೋಂದಣಿ ಅಧಿಕಾರಿಗಳಿಗೆ ತೋರಿಸಿ ಬಂದೆವು. ಇಂಥ ಕೆಲಸದಲ್ಲಿ ಹಾಗೆ ಮಾಡುವುದೇ ಲೇಸು.

ಆ ಬಾಗಿಲಿನ ಮೇಲೆ ಕೆಂಪು ಶಿಲುಬೆಯ ಗುರುತು ಹಾಕಬೇಕೆಂದು ಒಬ್ಬರು ಸೂಚಿಸಿದರು. ಔಷಧದ ಅಂಗಡಿಗಳಲ್ಲೆಲ್ಲ ಕಾಣುವ ಆ ಗುರುತು ಎಲ್ಲರ ಸೊತ್ತೆಂದು ನಾವು ಭಾವಿಸಿದ್ದೇವೆ. ನಿಜಕ್ಕೂ ಅದು ರೆಡ್‌ಕ್ರಾಸ್ ಸಂಸ್ಥೆಯ ಮತ್ತು ಸೇನೆಯ ವೈದ್ಯಪಡೆಗಳ ರಕ್ಷಿತ ಲಾಂಛನ. 1960ರ ಜಿನೀವಾ ಒಪ್ಪಂದಗಳ ಕಾಯಿದೆಯು ನಮ್ಮ ದೇಶದಲ್ಲಿ ಅದರ ಮನಬಂದ ಬಳಕೆಯನ್ನು ತಡೆಯುತ್ತದೆ. ಪ್ರಥಮ ಚಿಕಿತ್ಸೆಗೆಂದು ಜಗತ್ತೆಲ್ಲ ಒಪ್ಪಿದ ಗುರುತು ಬೇರೆ: ಹಸಿರು ನೆಲದ ಮೇಲೆ ಬಿಳಿಯ ಶಿಲುಬೆ. ಅದನ್ನೇ ಹಾಕಿದೆವು. ಗಾಜುಗಳನ್ನು ಮುಟ್ಟಲಿಲ್ಲ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇಕಡಾ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಗಾಜಿನ ಮೇಲೆ ಅಂಟಿಸಲೆಂದೇ ತೂತುಗಳುಳ್ಳ ಚಿತ್ರದ ಹಾಳೆ ದೊರೆಯುತ್ತದೆ. ಆದರೆ ಹಾಳೆಯ ಅರ್ಧದಷ್ಟು ಜಾಗವನ್ನು ಚಿತ್ರವೇ ಆವರಿಸುವಾಗ ಹಿಂದಿನ ಗಾಜಿಗೆ ಬೇಕಾದ 70ರ ಲೆಕ್ಕ ಕೂಡಿಬರುವುದೆಂತು? ರಾತ್ರಿಯ ಬೆಳಕಿಗೆ ಹೊಳೆಯುವ ಪಟ್ಟಿಗಳಲ್ಲಿಯೂ ಲಾರಿಗಳ ಮೇಲೆ ಕಾಣುವ ಕ್ರಮವನ್ನೇ ಪಾಲಿಸಿದೆವು: ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ. ಕತ್ತಲಲ್ಲಿ ಎದುರಾದವನಿಗೆ ವಾಹನದ ಯಾವ ಮಗ್ಗುಲನ್ನು ನೋಡುತ್ತಿದ್ದೇನೆಂದು ತಿಳಿಸುವ ಸಂಜ್ಞೆಯದು. ನಮ್ಮ ಚಮತ್ಕಾರಕ್ಕಾಗಿ ಅದನ್ನು ಕೆಡಿಸುವ ಹಕ್ಕು ನಮಗಿಲ್ಲ.

ಹುಲಿಯನ್ನು ಕೈಬಿಟ್ಟ ಮೇಲೆ, ನಮ್ಮ ನೆಲದ ಕಲೆಯಿರಲಿ ಎಂಬ ಮಾತು ಬಂತು. ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಚಿತ್ತಾರವನ್ನು ನೀವು ಬಲ್ಲಿರಿ. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆ, ಪುಂಡಿನಾರಿನ ಕುಂಚ, ಗೆರೆ ಗೆರೆಗೆ ಕೂಡಿ ಏಳುವ ಅಚ್ಚುಕಟ್ಟಾದ ವಿನ್ಯಾಸ. ವ್ಯಾನಿನ ಕೆಳಪಟ್ಟಿಗೆ ಅದನ್ನು ಮುದ್ರಿಸಿದರೆ ಎಷ್ಟು ಚೆಂದ ಎಂದು ತರುಣರಿಗೆ ಅನ್ನಿಸಿತು. ಸಾಗರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯ ಸದಸ್ಯರೊಬ್ಬರು ಸಭೆಯಲ್ಲಿ ಮೆಲ್ಲನೆ ಕೇಳಿದರು: “ಮದುಮಕ್ಕಳನ್ನು ಕೂರಿಸುವ ಗೋಡೆಯ ಮೇಲೆ ನಮ್ಮವ್ವ ಬರೀತಿದ್ದ ಹಸೆ ಅದು. ಅದನ್ನ ಚಕ್ರದ ಕೆಸರು ಹಾರೋ ಜಾಗಕ್ಕೆ ಹಾಕ್ತೀರಾ?” ಸಭೆ ಸ್ತಬ್ಧವಾಯಿತು. ಔಚಿತ್ಯದ ಬಗೆಗೆ ನಾನು ಪುಸ್ತಕದಿಂದ ಹೇಳಿದ್ದನ್ನು ಅವರು ತಮ್ಮ ಮನೆಯ ಗೋಡೆಯಿಂದ ಹೇಳಿದ್ದರು. ಯಾವ ಕಲೆಯನ್ನಾದರೂ ಎರವಲು ಪಡೆಯುವಾಗ ಅದನ್ನು ಬರೆಯುವ ಕೈಯನ್ನು ಕೇಳಬೇಕು, ಆ ಕೈಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು, ಅದು ಕೂರುವ ತಾಣವನ್ನು ಕಾಪಾಡಬೇಕು. ಈ ಮೂರೂ ಆಗದ ಕಡೆ ಬಿಡುವುದೇ ಮರ್ಯಾದೆ. ಬಿಟ್ಟೆವು.

ಮುದ್ರಿತ ಕೆಸರಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಕೆಸರಿಗೇ ಹೋಗುವ ವಾಹನಕ್ಕೆ ಕೆಸರಿನ ಚಿತ್ರವೇಕೆ? ಪೇಟೆಯ ರಸ್ತೆಯನ್ನು ಬಿಟ್ಟು ಇಳಿಯದ ವಾಹನಕ್ಕೆ ಬೇಕಾದೀತು ಆ ಸುಳ್ಳು. ಕಷ್ಟಪಡದೆ ಕಷ್ಟದ ಗುರುತನ್ನು ತೊಡುವುದು ಕಲೆಯಲ್ಲ. ನಾವು ಮಾಡಿದ್ದು ಇಷ್ಟು: ನಿಜವಾದ ಕೆಸರು ಎಲ್ಲಿಯವರೆಗೆ ಹಾರುತ್ತದೆಂದು ಎರಡು ವಾರ ವ್ಯಾನನ್ನು ತೊಳೆಯದೆ ನೋಡಿ ಗೆರೆ ಹಾಕಿಕೊಂಡೆವು. ಆ ಗೆರೆಯ ಕೆಳಗೆ ಅಕ್ಷರವನ್ನೂ ಚಿತ್ರವನ್ನೂ ಇಡಲಿಲ್ಲ. ಅಲ್ಲಿ ಕೆಮ್ಮಣ್ಣಿನದೇ ಬಣ್ಣದ ಬರಿಯ ಪಟ್ಟಿ. ಕಲ್ಲು ಚಿಮ್ಮಿ ಮೊದಲು ಹರಿಯುವುದೂ ಅದೇ ಭಾಗ. ಆದ್ದರಿಂದ ಅದನ್ನು ಬಿಡಿಬಿಡಿ ತುಂಡುಗಳಾಗಿ ಅಂಟಿಸಿದೆವು. ಹರಿದ ತುಂಡನ್ನು ಮಾತ್ರ ಬದಲಿಸಿದರೆ ಸಾಕು. ಸುಲಿದು ಬಿಸಾಡಿದ ವಿನೈಲು ಮಣ್ಣಿನಲ್ಲಿ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ; ಅಂಟೂ ಶಾಯಿಯೂ ಬೆರೆತ ಹಾಳೆಯನ್ನು ಮರಳಿ ಬಳಸುವುದೂ ಕಷ್ಟ. ಕಾಡನ್ನು ಪ್ರೀತಿಸುತ್ತೇವೆನ್ನುವವರು ಇದನ್ನು ಮರೆಯಲಾಗದು.

ಅಕ್ಷರಗಳ ಬಗೆಗೆ ಎರಡು ಮಾತು ಹೇಳಲೇಬೇಕು. ದೂರದಿಂದ ಓದುವ ಬರಹಕ್ಕೆ ಬೋರ್ಡು ಬರೆಯುವವರಲ್ಲಿ ಒಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ. ನೂರು ಅಡಿಯಿಂದ ಓದಬೇಕಾದರೆ ಹತ್ತು ಅಂಗುಲ. ಈ ಲೆಕ್ಕ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಹುಟ್ಟಿದ್ದು. ಕನ್ನಡದ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ವಟ್ರಸುಳಿ. ಹತ್ತು ಅಂಗುಲದಲ್ಲಿ ಇವೆಲ್ಲವನ್ನೂ ತುರುಕಿದರೆ ಮೂಲಾಕ್ಷರ ಕುಗ್ಗಿಹೋಗುತ್ತದೆ. ಮೂಲಾಕ್ಷರವೇ ಹತ್ತು ಅಂಗುಲವಿರಲಿ, ಒತ್ತಿಗೆ ಬೇರೆ ಜಾಗ ಸಿಗಲಿ ಎಂದು ಇಟ್ಟುಕೊಂಡರೆ ಸಾಲು ಹದಿನೈದು ಅಂಗುಲ ಕೇಳುತ್ತದೆ. ಪ, ಷ, ಫ, ಘ ಇವುಗಳ ನಡುವಿನ ಅಂತರವಾದರೂ ಎಷ್ಟು? ಹೊಟ್ಟೆಯೊಳಗೊಂದು ಗೀರು, ಬುಡದಲ್ಲೊಂದು ಸೀಳು. ದಪ್ಪಕ್ಷರದ ಮೋಹದಿಂದ ಆ ಕಿಂಡಿಗಳನ್ನು ಮುಚ್ಚಿದರೆ ದೂರದವನಿಗೆ ಎಲ್ಲವೂ ಒಂದೇ ಕರಿಯ ಉಂಡೆ. ಆದ್ದರಿಂದ ಗೆರೆಯನ್ನು ತುಸು ತೆಳ್ಳಗೆ ಮಾಡಿ, ಒಳಗಿನ ಬಯಲನ್ನು ಹಿಗ್ಗಿಸಿ ಅಕ್ಷರಗಳನ್ನು ಬರೆದೆ. ಕನ್ನಡವನ್ನು ಅಂದವಾಗಿ ಬರೆಯುವುದೆಂದರೆ ಅದರ ಒಳಗಿನ ಬೆಳಕನ್ನು ಕಾಪಾಡುವುದು.

ಕಾಗದದ ಮೇಲೆ ಸಮತಟ್ಟಾಗಿರುವ ಚಿತ್ರ ವಾಹನದ ಮೈಮೇಲೆ ಹಾಗಿರುವುದಿಲ್ಲ. ಹಿಡಿಕೆ, ಕೀಲು, ತಗಡಿನ ಏಣು, ಡೀಸಲ್ ತೊಟ್ಟಿಯ ಮುಚ್ಚಳ, ಎಲ್ಲವನ್ನೂ ಅಳೆದು ಹತ್ತಕ್ಕೆ ಒಂದರ ಪ್ರಮಾಣದಲ್ಲಿ ನಕ್ಷೆ ತೆಗೆಯಬೇಕು. ಪಕ್ಕಕ್ಕೆ ಜಾರುವ ಬಾಗಿಲುಳ್ಳ ವ್ಯಾನುಗಳಲ್ಲಿ ಬಾಗಿಲು ಸರಿದಾಗ ಅದರ ಮೇಲಿನ ಅಕ್ಷರಗಳು ಹಿಂದಿನ ಅಕ್ಷರಗಳನ್ನು ಮುಚ್ಚಿ, ಬರೆದವನು ಕನಸಿನಲ್ಲೂ ನೆನೆಯದ ಪದವನ್ನು ಊರಿಗೆ ಸಾರುವುದುಂಟು. ಚಿತ್ರವನ್ನು ಅಂಚಿನಿಂದ ನಾಲ್ಕು ಅಂಗುಲವಾದರೂ ಆಚೆಗೆ ಬೆಳೆಸಿ ಮುದ್ರಿಸಬೇಕು. ದರ್ಜಿಯವನು ಹೊಲಿಗೆಗೆ ಬಟ್ಟೆ ಬಿಡುವ ಹಾಗೆ. ಮುದ್ರಿಸಿದ ಮೇಲೆ ಶಾಯಿಯೊಳಗಿನ ದ್ರಾವಕ ಆರಲು ಒಂದೆರಡು ದಿನ ಬಿಟ್ಟು, ಆನಂತರವೇ ಮೇಲೆ ರಕ್ಷಣೆಯ ಪಾರದರ್ಶಕ ಪದರವನ್ನು ಹೊದಿಸಬೇಕು. ಅವಸರಿಸಿದರೆ ದ್ರಾವಕ ಒಳಗೇ ಉಳಿದು ಅಂಟನ್ನು ಕೆಡಿಸುತ್ತದೆ. ಹಾಳೆ ಹಾಳೆಯ ಮೇಲೆ ಕೂರುವ ಅಂಚುಗಳನ್ನು ಮಂಗಳೂರು ಹೆಂಚು ಹೊದಿಸಿದಂತೆ, ಮೇಲಿನದು ಕೆಳಗಿನದರ ಮೇಲೆ, ಮುಂದಿನದು ಹಿಂದಿನದರ ಮೇಲೆ ಬರುವಂತೆ ಇರಿಸಬೇಕು. ಆಗ ಮಳೆಯೂ ಗಾಳಿಯೂ ಅಂಚಿನೊಳಗೆ ನುಗ್ಗಲಾರವು. ಮಲೆನಾಡಿನ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಟಿಸುವ ಮುನ್ನ ಮೈಯನ್ನು ತೊಳೆದು, ಎಣ್ಣೆಯ ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಬೇಕು. ಆಗ ಬಯಲಾಯಿತು ಒಂದು ಸಂಗತಿ: ಚಕ್ರದ ಕಮಾನುಗಳಲ್ಲಿ, ಬಾಗಿಲಿನ ಬುಡದಲ್ಲಿ ತುಕ್ಕು ಹಿಡಿದಿತ್ತು. ಹೇಗೂ ಮುಚ್ಚಿಹೋಗುತ್ತದಲ್ಲ ಎಂದು ಒಬ್ಬಿಬ್ಬರು ಅಂದರು. ಮುಚ್ಚಬಹುದು, ಆದರೆ ತುಕ್ಕಿನ ಮೇಲೆ ಅಂಟು ನಿಲ್ಲದು, ನಿಂತರೂ ಒಳಗೆ ಸೇರಿದ ತೇವ ಹೊರಬರಲಾರದೆ ತಗಡನ್ನು ತಿನ್ನುತ್ತದೆ. ಎರಡು ವರ್ಷದ ಮೇಲೆ ಚಿತ್ರ ಹೊಸದಾಗಿರುತ್ತದೆ, ವ್ಯಾನು ಟೊಳ್ಳಾಗಿರುತ್ತದೆ. ಹೊದಿಕೆಯ ಖರ್ಚಿನಲ್ಲಿ ಒಂದು ಭಾಗವನ್ನು ತೆಗೆದು, ತುಕ್ಕನ್ನು ಕೆರೆಸಿ, ತಗಡು ಬೆಸೆಸಿ, ಬಣ್ಣ ಹಾಕಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಚಿತ್ರ ಕಡಿಮೆಯಾಯಿತೆಂದು ಕೊರಗಿದವರು ಆಗ ಇದ್ದರು. ಮುಂದೆ ಕೊರಗಲಿಲ್ಲ.

ಕೊನೆಗೆ ಉಳಿದ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಯಿತು: ಬಳಗದ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಎಷ್ಟು ದೊಡ್ಡದಾಗಿ ಬರೆಯಬೇಕು? ಹೆಸರಿಗೆ ಯಾರ ತಕರಾರೂ ಇರಲಿಲ್ಲ. ಸಂಖ್ಯೆಯ ಮಾತು ಬಂದಾಗ ಮುಖಗಳು ಗಂಭೀರವಾದವು. ಜೀಪುಗಳು ಹೋದ ದಾರಿಯಲ್ಲಿ ಒಮ್ಮೊಮ್ಮೆ ಬೇಲಿ ಮುರಿಯುತ್ತದೆ, ಗದ್ದೆಯ ಬದು ಕುಸಿಯುತ್ತದೆ, ಹಳ್ಳದ ನೀರು ಕದಡಿ ಕೆಳಗಿನವರ ದನಕ್ಕೆ ಕುಡಿಯಲಾಗದಂತಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. “ಅಣ್ಣಾ, ನಂಬರು ಬರೆದರೆ ಬೆಳಗಾಗೋದ್ರೊಳಗೆ ಬೈಯೋಕೆ ಫೋನು ಮಾಡ್ತಾರೆ,” ಎಂದನೊಬ್ಬ ತರುಣ. ಬಳಗದ ಹಿರಿಯರಾದ ಕಾಫಿ ಬೆಳೆಗಾರರು ನಕ್ಕು ಹೇಳಿದರು: “ಮಾಡ್ಲಿ ಬಿಡು ಮಾರಾಯ. ಈಗಲೂ ಬೈತಾರೆ, ನಮಗೆ ಕೇಳಿಸಲ್ಲ, ಅಷ್ಟೆ.”

ಆ ಮಾತಿನಲ್ಲಿ ಈ ಇಡೀ ವಿಚಾರದ ಸಾರ ಅಡಗಿದೆಯೆಂದು ನನ್ನ ನಂಬಿಕೆ. 2018ರ ಆಗಸ್ಟಿನಲ್ಲಿ ಕೇರಳದ ಮಹಾಪ್ರವಾಹದಲ್ಲಿ ರಸ್ತೆಗಳು ಕೊಚ್ಚಿಹೋದಾಗ, ಇಂಥ ಹವ್ಯಾಸಿಗಳು ತಮ್ಮ ಜೀಪುಗಳೊಂದಿಗೆ ನೀರಿಗಿಳಿದು ಜನರಿಗೆ ನೆರವಾದರು. ಅದೇ ತಿಂಗಳು ಕೊಡಗಿನ ಗುಡ್ಡಗಳೂ ಕುಸಿದವು. ಕಷ್ಟದ ದಿನ ಕರೆದರೆ ಬರುವ ವಾಹನವೆಂದು ಜನ ನಂಬಬೇಕಾದರೆ, ಸುಖದ ದಿನದಲ್ಲಿ ದೂರು ಹೇಳಲೂ ಅದೇ ವಾಹನ ದಾರಿಮಾಡಿಕೊಡಬೇಕು. ದೂರನ್ನು ಕೇಳಲೊಲ್ಲದವನು ನೆರವಿನ ಕೂಗನ್ನು ಕೇಳಿಸಿಕೊಳ್ಳುವುದೆಂತು? ಸಂಖ್ಯೆಯನ್ನು ಎರಡು ಪಕ್ಕಗಳಲ್ಲಿಯೂ ಹಿಂಬದಿಯಲ್ಲಿಯೂ, ಬಳಗದ ಹೆಸರಿನಷ್ಟೇ ದೊಡ್ಡದಾಗಿ, ಗಾಢನೀಲಿಯಲ್ಲಿ ಬರೆಯುವುದೆಂದು ತೀರ್ಮಾನವಾಯಿತು.

ಮೊದಲ ಮಳೆಗಾಲದಲ್ಲಿ ಆ ಸಂಖ್ಯೆಗೆ ಬಂದ ಮೊದಲನೆಯ ಕರೆ ಬೈಗುಳದ್ದೇ. ಗದ್ದೆಯಂಚಿನ ಕಲ್ಲುಕಟ್ಟೆಯೊಂದನ್ನು ಜೀಪು ಉರುಳಿಸಿತ್ತು. ಮರುದಿನ ಆರು ಮಂದಿ ಹೋಗಿ ಕಲ್ಲು ಜೋಡಿಸಿ, ಗದ್ದೆಯೊಡತಿಯ ಮನೆಯಲ್ಲಿ ಕಾಫಿ ಕುಡಿದು ಬಂದರು. ಜುಲೈ ತಿಂಗಳ ಒಂದು ರಾತ್ರಿ ಬಂದ ಕರೆಯೂ ಅದೇ ಊರಿನದು. ರಸ್ತೆಗಡ್ಡಲಾಗಿ ಮರ ಬಿದ್ದು, ಉಸಿರಾಟದ ತೊಂದರೆಯಿದ್ದ ಮುದುಕರೊಬ್ಬರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಕಾರು ಅದರಾಚೆ ನಿಂತುಬಿಟ್ಟಿತ್ತು. ಕರೆ ಮಾಡಿದಾಕೆ ಆ ಗದ್ದೆಯ ಒಡತಿಯೇ. ಜೀಪುಗಳು ಹೊರಟವು, ಮರ ಸರಿಯಿತು, ಬೆಳಗಿನೊಳಗೆ ಮುದುಕರು ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಒಳ್ಳೆಯ ಹಾಳೆ ಬಿಸಿಲುಮಳೆಗಳನ್ನು ತಾಳಿ ಐದಾರು ವರ್ಷ ಬಾಳೀತು. ಸೂರ್ಯನಿಗೆ ನೇರವಾಗಿ ಒಡ್ಡಿದ ಮೇಲ್ಮೈಗಳಲ್ಲಿ ಇನ್ನೂ ಕಡಿಮೆ. ಬಣ್ಣ ಮಾಸಿದ ಮೇಲೆ ಬೇರೊಬ್ಬ ಕಲಾವಿದ ಬೇರೊಂದು ಚಿತ್ರ ಬರೆಯುತ್ತಾನೆ, ಬರೆಯಲಿ. ಅವನಿಗೆ ನನ್ನ ಬಿನ್ನಹ ಒಂದೇ: ಪಟ್ಟೆಗಳನ್ನು ಬದಲಿಸಬಹುದು, ಬಣ್ಣಗಳನ್ನು ಬದಲಿಸಬಹುದು, ಆ ಸಂಖ್ಯೆಯನ್ನು ಚಿಕ್ಕದು ಮಾಡಬಾರದು.